ಗಣಕದ ಪಾಠಕ್ಕೆ ಎಂಟು ಬಿಟ್‌ಗಳೇ ಸಾಕು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಇಂದು ಗಣಕಯಂತ್ರವು ಅಪರಿಚಿತ ವಸ್ತುವೇನಲ್ಲ. ಮೊಬೈಲಿನ ರೂಪದಲ್ಲಿ ಅದು ಮನೆಮನೆಯನ್ನೂ ಹೊಕ್ಕಿದೆ. ಆದರೆ ಅದನ್ನು ಬಳಸಬಲ್ಲವರು ಬಹುಮಂದಿ, ಅದರೊಳಗೆ ನಡೆಯುವುದೇನೆಂದು ಬಲ್ಲವರು ವಿರಳ. ಈ ಕೊರತೆಯನ್ನು ನೀಗಲು ಅರ್ಧ ಶತಮಾನದ ಹಿಂದಿನ ಎಂಟು ಬಿಟ್‌ಗಳ ಮೈಕ್ರೋಪ್ರೊಸೆಸರೇ ತಕ್ಕ ಸಾಧನವೆಂಬುದು ನಮ್ಮ ಅಭಿಪ್ರಾಯ.

ಬಿಟ್ ಎಂದರೆ ೦ ಅಥವಾ ೧ ಎಂಬ ಒಂದು ಅಂಕಿ. ಅಂಥ ಎಂಟನ್ನು ಒಮ್ಮೆಗೆ ಹಿಡಿದು ಲೆಕ್ಕಮಾಡುವ ಯಂತ್ರಕ್ಕೆ ಒಂದೇ ಹಿಡಿತದಲ್ಲಿ ಎಟುಕುವುದು ೦ಯಿಂದ ೨೫೫ರವರೆಗಿನ ಸಂಖ್ಯೆಗಳು ಮಾತ್ರ. ಹಾಲಿನ ಸಂಘಕ್ಕೆ ಬಂದ ೨೦೦ ಲೀಟರಿಗೆ ಮತ್ತೆ ೧೦೦ ಲೀಟರನ್ನು ಕೂಡಿಸಿದರೆ ಅದು ೪೪ ಎನ್ನುತ್ತದೆ! ಉಳಿದ ೨೫೬ ಎಲ್ಲಿ ಹೋಯಿತು? ನಾವು ಕೂಡುವಾಗ ದಶಕವನ್ನು ಎಡಗಡೆಗೆ ಒಯ್ಯುವಂತೆ, ಯಂತ್ರವು ಅದನ್ನು 'ಕ್ಯಾರಿ' ಎಂಬ ಪ್ರತ್ಯೇಕ ಬಿಟ್‌ನಲ್ಲಿ ಗುರುತಿಟ್ಟಿರುತ್ತದೆ. ಇಷ್ಟನ್ನು ಅರಿತವನಿಗೆ ದೊಡ್ಡ ಲೆಕ್ಕಗಳ ಗುಟ್ಟೂ ತಿಳಿದಂತೆಯೇ.

೧೯೭೫ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿ ಸಂಸ್ಥೆಯು ೬೫೦೨ ಎಂಬ ಚಿಪ್ಪನ್ನು ಕೇವಲ ೨೫ ಡಾಲರಿಗೆ ಮಾರಿತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು ೩,೫೦೦; ಅದಕ್ಕೆ ಎಟುಕುತ್ತಿದ್ದ ಸ್ಮೃತಿಸ್ಥಾನಗಳು ೬೫,೫೩೬. ೧೯೭೭ರ ಆಪಲ್ ೨ ಎಂಬ ಗೃಹಗಣಕದಲ್ಲಿದ್ದುದು ಈ ಚಿಪ್ಪೇ. ೧೯೮೩ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಹೊರತಂದ ಆಟದ ಯಂತ್ರದ ಚಿಪ್ಪೂ ಅದೇ ವಂಶದ್ದು. ೧೯೯೦ರ ದಶಕದಲ್ಲಿ ಟೀವಿಗೆ ಜೋಡಿಸಿ, 'ಕ್ಯಾಸೆಟ್' ಸಿಕ್ಕಿಸಿ ನಮ್ಮ ದೇಶದ ಮಕ್ಕಳು ಆಡುತ್ತಿದ್ದ ಪೆಟ್ಟಿಗೆಗಳು ಬಹುಮಟ್ಟಿಗೆ ಆ ಯಂತ್ರದ ನಕಲುಗಳೇ.

ಶಾಲೆಗೂ ಈ ಚಿಪ್ಪು ಹೊಸದಲ್ಲ. ೧೯೮೪ರಲ್ಲಿ ಭಾರತ ಸರ್ಕಾರವು 'ಕ್ಲಾಸ್' ಯೋಜನೆಯನ್ನು ಆರಂಭಿಸಿ, ದೇಶದ ಸುಮಾರು ೨೫೦ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಗಣಕಗಳನ್ನು ಒದಗಿಸಿತು. ಅವುಗಳ ಮಿದುಳೂ ೬೫೦೨. ಆದರೆ ಯಂತ್ರ ಬಂದಷ್ಟು ಸುಲಭವಾಗಿ ತರಬೇತಾದ ಅಧ್ಯಾಪಕರೂ ಪಾಠಕ್ಕೆ ಹೊಂದುವ ಸಾಮಗ್ರಿಯೂ ಬರಲಿಲ್ಲ. ಈ ಅನುಭವವನ್ನು ನಾವು ಮರೆಯಲಾಗದು.

ಬಳಕೆ ತಪ್ಪಿದ ವಿದ್ಯೆಯನ್ನು ಕಲಿಸಿ ಫಲವೇನು ಎಂದು ಕೆಲವರು ಆಕ್ಷೇಪಿಸಬಹುದು. ಹೊಟ್ಟೆಪಾಡಿಗೆ ಹೊಸ ಯಂತ್ರಗಳ ಪರಿಚಯ ಬೇಕೆಂಬುದು ನಿಜವೇ. ಆದರೆ ಎಂಟು ಬಿಟ್‌ಗಳ ಬಳಕೆ ತಪ್ಪಿಲ್ಲ. ವಿದ್ಯುನ್ಮಾನ ತಕ್ಕಡಿಗಳಂಥ ಸಣ್ಣ ಉಪಕರಣಗಳಲ್ಲಿ ಅನೇಕವು ಇಂದಿಗೂ ಅಂಥ ಚಿಪ್ಪುಗಳಿಂದಲೇ ನಡೆಯುತ್ತಿವೆ. ಮೇಲಾಗಿ, ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರುವ ಇಂದಿನ ಮೊಬೈಲ್ ಚಿಪ್ಪನ್ನು ಒಬ್ಬ ವಿದ್ಯಾರ್ಥಿ ಪೂರ್ತಿಯಾಗಿ ಅರಿಯುವುದು ಅಸಾಧ್ಯ. ಹಳೆಯ ಚಿಪ್ಪನ್ನಾದರೋ ಒಂದು ವರ್ಷದಲ್ಲಿ ಅರಿಯಬಹುದು.

ಇದಕ್ಕೆ ಹೆಚ್ಚಿನ ವೆಚ್ಚವೂ ಬೇಡ. ಆರ್ಡುಯಿನೊ ಉನೊ ಎಂಬ ಅಗ್ಗದ ಫಲಕದ ಮೂಲ ಮಾದರಿಯಲ್ಲಿರುವುದು ಎಂಟು ಬಿಟ್‌ಗಳ ಚಿಪ್ಪೇ. ಪ್ರತಿಯೊಂದು ಪ್ರೌಢಶಾಲೆಗೂ ಇಂಥ ಕೆಲವು ಫಲಕಗಳು, ಒಂದು ಕನ್ನಡದ ಕೈಪಿಡಿ, ಅದಕ್ಕೂ ಮೊದಲು ತರಬೇತಿ ಪಡೆದ ಒಬ್ಬ ಅಧ್ಯಾಪಕ—ಇಷ್ಟು ದೊರೆಯಲಿ. ಯಂತ್ರವು ಮೊದಲು ಬಂದು ಅಧ್ಯಾಪಕನು ಬಾರದೆ ಹೋಗುವ ಹಳೆಯ ಕ್ರಮವು ಈ ನಾಲ್ಕು ತಾಲ್ಲೂಕುಗಳಲ್ಲಿ ಮರುಕಳಿಸದಿರಲಿ.