ಕಾಣದುದರ ದನಿ

ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಬೆರಳಿನಿಂದ ತಟ್ಟಿ ಅದರ ನಾದವನ್ನು ಆಲಿಸುತ್ತಾಳೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ತಿಳಿಯುತ್ತದೆ. ಇಂತಹುದೇ ಪರೀಕ್ಷೆಯನ್ನು ಗಣಿತದ ಮೂಲಕ ಆಕಾಶಕಾಯವೊಂದಕ್ಕೆ ಒಡ್ಡಿದ ಕನ್ನಡನಾಡಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು.

1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡರು. ಬೆಳಕನ್ನೂ ಹೊರಬಿಡದ ಕೃಷ್ಣವಿವರವು ಆಗ ಬಹುಮಟ್ಟಿಗೆ ಗಣಿತದ ಕಲ್ಪನೆಯಾಗಿತ್ತು. ಅದನ್ನು ತುಸು ಕದಲಿಸಿದರೆ ಅಳಿಯುವುದೋ, ಉಳಿಯುವುದೋ? ಉಳಿಯುವುದೆಂದು ಅವರು ಲೆಕ್ಕದಿಂದ ತೋರಿಸಿದರು. ಗುರುತ್ವದ ಅಲೆ ಬಡಿದಾಗ ಅದು ಗಂಟೆಯಂತೆ ಮಿಡಿದು ಕ್ರಮೇಣ ಶಾಂತವಾಗುವುದೆಂದೂ, ಆ ಮಿಡಿತದಿಂದ ಅದರ ದ್ರವ್ಯರಾಶಿಯನ್ನು ಅರಿಯಬಹುದೆಂದೂ 1970ರಲ್ಲಿ ಪ್ರಕಟಿಸಿದರು.

ಇದರಿಂದ ಲಾಭವೇನೆಂದು ಅಂದು ಯಾರಾದರೂ ಕೇಳಿದ್ದರೆ ಉತ್ತರಿಸುವುದು ಸುಲಭವಾಗಿರಲಿಲ್ಲ. ಉತ್ತರಕ್ಕೆ 45 ವರ್ಷ ಕಾಯಬೇಕಾಯಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕೃಷ್ಣವಿವರಗಳು ಕೂಡಿ ಒಂದಾದಾಗ ಎದ್ದ ಅಲೆಗಳನ್ನು 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಉಪಕರಣಗಳು ಗ್ರಹಿಸಿದವು. ಆ ಸಂಕೇತದ ಕೊನೆಯಲ್ಲಿ ಇದ್ದುದು ವಿಶ್ವೇಶ್ವರರು ಗುರುತಿಸಿದ್ದಂತಹ ಕ್ಷೀಣಿಸುವ ಮಿಡಿತವೇ. 2017ರ ಜನವರಿಯಲ್ಲಿ ನಿಧನರಾದ ಅವರಿಗೆ ಈ ವಾರ್ತೆಯನ್ನು ಕೇಳುವ ಭಾಗ್ಯ ದೊರೆಯಿತು.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ, ಜಮಖಂಡಿ, ಮುಧೋಳ, ಬೀಳಗಿಗಳ ರೈತರ ಮನೆಗಳಲ್ಲಿ, ಮಗು ವಿಜ್ಞಾನ ಓದುವೆನೆಂದರೆ ಮೊದಲು ಬರುವ ಪ್ರಶ್ನೆ, “ಇದರಿಂದ ಯಾವ ನೌಕರಿ ಸಿಕ್ಕೀತು?” ಎಂಬುದು. ಅದನ್ನು ಹಳಿಯಲಾಗದು, ದುಡಿದರಷ್ಟೇ ಒಲೆ ಹೊತ್ತುವ ಮನೆಗೆ ಅದು ಸಹಜವಾದುದು. ಆದರೆ ಅದೊಂದೇ ಪ್ರಶ್ನೆಯಾಗಿಬಿಟ್ಟರೆ ಮಗುವಿನ ಕುತೂಹಲ ಬತ್ತುತ್ತದೆ. ಇಂದು ಬೆಲೆ ಕಟ್ಟಲಾಗದ ಜ್ಞಾನವನ್ನು ಬೆಲೆಯಿಲ್ಲದ್ದೆಂದು ಭಾವಿಸುವುದು ತಪ್ಪು.

ಹಾಗೆಂದು ಹೊಣೆಯೆಲ್ಲ ಸಮಾಜದ್ದೇ ಅಲ್ಲ. ನೇಕಾರನ ದುಡಿಮೆಯೂ ಸೇರಿದ ನಾಡಿನ ಹಣದಿಂದಲೇ ಸಂಶೋಧನೆ ನಡೆಯುತ್ತದೆ. ಆದುದರಿಂದ ತಾನು ಕಂಡುದನ್ನು ಜನರಿಗೆ ತಿಳಿಯುವಂತೆ ಹೇಳುವುದು ವಿಜ್ಞಾನಿಯ ಕರ್ತವ್ಯ. ವಿಶ್ವೇಶ್ವರರು ಈ ಋಣವನ್ನು ಮರೆಯಲಿಲ್ಲ. ಸ್ವದೇಶಕ್ಕೆ ಮರಳಿ ಸಂಶೋಧನೆಯನ್ನು ಮುಂದುವರಿಸಿದರಲ್ಲದೆ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಮಕ್ಕಳಿಗೆ ಆಕಾಶವನ್ನು ಪರಿಚಯಿಸಿದರು.

ಸಮಾಜಕ್ಕೆ ಕಾಯುವ ತಾಳ್ಮೆ ಇರಬೇಕು. ವಿದ್ವಾಂಸನಿಗೆ ತಿಳಿಸಿ ಹೇಳುವ ಮನಸ್ಸಿರಬೇಕು. ಇವೆರಡೂ ಕೂಡಿದೆಡೆಯಲ್ಲಿ ವಿದ್ಯೆ ಎಲ್ಲರ ಸೊತ್ತಾಗುತ್ತದೆ.