ಚಳಿಜ್ವರದ ಕಹಿ, ಜಿನ್ನಿನ ಬಟ್ಟಲು

ಬಟಾಣಿ ಗಾತ್ರದ ಜೂನಿಪರ್ ಕಾಯಿಗಳ ಪರಿಮಳ ಹಿಡಿದ ಭಟ್ಟಿ ಮದ್ಯವೇ ಜಿನ್. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಅದು ಬಡವರ ಮನೆಗಳನ್ನು ಹಾಳುಗೆಡವಿತ್ತು. 1751ರಲ್ಲಿ ಪಾರ್ಲಿಮೆಂಟು ಕಾನೂನು ತಂದು ಮಾರಾಟಕ್ಕೆ ಕಡಿವಾಣ ಹಾಕಬೇಕಾಯಿತು. ಅದೇ ವರ್ಷ ವಿಲಿಯಂ ಹೊಗಾರ್ತ್ ರಚಿಸಿದ 'ಜಿನ್ ಲೇನ್' ಚಿತ್ರದಲ್ಲಿ ಅಮಲೇರಿದ ತಾಯಿಯ ತೋಳಿನಿಂದ ಮಗು ಜಾರಿ ಬೀಳುತ್ತಿದೆ. ಇಷ್ಟು ಕೆಟ್ಟ ಹೆಸರು ಪಡೆದ ಪಾನೀಯ ಮುಂದಿನ ಶತಮಾನದಲ್ಲಿ ಮರ್ಯಾದಸ್ಥರ ಮೇಜನ್ನೇರಿದ್ದು ಹೇಗೆ? ಕಾರಣಗಳು ಹಲವು. ಅವುಗಳಲ್ಲಿ ಸ್ವಾರಸ್ಯವಾದದ್ದು ಭಾರತದ ಚಳಿಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ ಸಂಬಂಧಿಸಿದ್ದು.

1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಬ್ರಿಟಿಷ್ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತು. ಆದರೆ ಜ್ವರ ಅದನ್ನು ಬಿಡಲಿಲ್ಲ. 1809ರಲ್ಲಿ ದಂಡು ಬೆಂಗಳೂರಿಗೆ ವರ್ಗವಾಯಿತು. ಇಂದಿಗೂ 'ಕಂಟೋನ್ಮೆಂಟ್' ಎಂಬ ಹೆಸರು ಉಳಿದಿರುವುದು ಹಾಗೆ. ಜ್ವರ ಹರಡುವುದು ಸೊಳ್ಳೆಯಿಂದ ಎಂಬುದು ಆಗ ತಿಳಿದಿರಲಿಲ್ಲ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ರೋಗಾಣುವನ್ನು ಕಂಡದ್ದು 1897ರಲ್ಲಿ.

ರೋಗದ ಕಾರಣ ತಿಳಿಯುವುದಕ್ಕೆ ಮುಂಚೆಯೇ ಮದ್ದು ತಿಳಿದಿತ್ತು! ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸಿಂಕೋನಾ ಮರದ ತೊಗಟೆಯೇ ಆ ಮದ್ದು. ಅದರ ಸಾರವಾದ ಕ್ವಿನೈನನ್ನು 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವೆಂತೂ ಬೇರ್ಪಡಿಸಿದರು. ಹಳೆಯ ತಲೆಮಾರಿನವರು ನೆನೆದರೇ ಮುಖ ಕಿವುಚುವಷ್ಟು ಕಹಿ. ಸಾಲದ್ದಕ್ಕೆ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಕ್ವಿನೈನ್ ಒಂದು ಪ್ರತ್ಯಾಮ್ಲ. ಆಮ್ಲ ಬೆರೆತಾಗ ಲವಣವಾಗಿ ಕರಗುತ್ತದೆ, ಆಲ್ಕೊಹಾಲಿನಲ್ಲಿಯೂ ಕರಗುತ್ತದೆ. ನಿಂಬೆರಸ, ಸಕ್ಕರೆ, ಮದ್ಯ ಇವುಗಳ ಜೊತೆ ಕ್ವಿನೈನ್ ಸೇರಿದ್ದರಲ್ಲಿ ರುಚಿಯಷ್ಟೇ ರಸಾಯನವಿಜ್ಞಾನವೂ ಇದೆ ಎನ್ನಬಹುದು.

1858ರಲ್ಲಿ ಲಂಡನ್ನಿನ ಎರಾಸ್ಮಸ್ ಬಾಂಡ್ ಎಂಬಾತ ಕ್ವಿನೈನ್ ಬೆರೆಸಿದ ಸೋಡಾಕ್ಕೆ ಪೇಟೆಂಟ್ ಪಡೆದ. 'ಟಾನಿಕ್ ನೀರು' ಎಂದರೆ ಇದೇ. ಹತ್ತು ವರ್ಷಗಳಲ್ಲಿ, 1868ರ ಹೊತ್ತಿಗೆ, ಭಾರತದ ಇಂಗ್ಲಿಷ್ ಪತ್ರಿಕೆಯೊಂದರ ಕುದುರೆ ಪಂದ್ಯದ ವರದಿಯಲ್ಲಿ ಜಿನ್-ಟಾನಿಕ್ ಜೋಡಿ ಕಾಣಿಸಿಕೊಳ್ಳುತ್ತದೆ. ಆಸ್ಪತ್ರೆಯ ವರದಿಯಲ್ಲಿ ಅಲ್ಲ, ಪಂದ್ಯದ ಮೈದಾನದಲ್ಲಿ ಎಂಬುದನ್ನು ಗಮನಿಸಬೇಕು. ಔಷಧಿಯ ನೆಪ ಆಗಲೇ ಹಿಂದೆ ಸರಿದು, ದಣಿವಾರಿಸುವ ಚಟ ಮುಂದೆ ಬಂದಿತ್ತು.

ಆದರೂ "ಜಿನ್-ಟಾನಿಕ್ ಕುಡಿದರೆ ಮಲೇರಿಯಾ ಬರುವುದಿಲ್ಲ" ಎಂದು ಈಗಲೂ ಹೇಳುವವರಿದ್ದಾರೆ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಅಮೆರಿಕದ ನಿಯಮದಂತೆ ಒಂದು ಲೀಟರ್ ಟಾನಿಕ್ ನೀರಿನಲ್ಲಿ ಇರಬಹುದಾದ ಕ್ವಿನೈನ್ ಹೆಚ್ಚೆಂದರೆ ಸುಮಾರು 83 ಮಿಲಿಗ್ರಾಂ. ಮಲೇರಿಯಾ ತಗಲಿದ ವಯಸ್ಕನಿಗೆ ವೈದ್ಯರು ಕೊಡುತ್ತಿದ್ದ ಪ್ರಮಾಣ ಎಂಟು ಗಂಟೆಗೊಮ್ಮೆ ಸುಮಾರು 600 ಮಿಲಿಗ್ರಾಂ, ದಿನಕ್ಕೆ 1,800. ಅಂದರೆ ದಿನವೊಂದಕ್ಕೆ 21 ಲೀಟರಿಗೂ ಹೆಚ್ಚು ಟಾನಿಕ್ ಬೇಕು! ಒಂದೊಂದು ಲೋಟಕ್ಕೂ ಜಿನ್ ಬೆರೆಸುತ್ತಾ ಹೋದರೆ ಜ್ವರಕ್ಕಿಂತ ಮೊದಲು ಯಕೃತ್ತು ಕೈಕೊಡುತ್ತದೆ. ಹಳೆಯ ಕಾಲದ ಟಾನಿಕ್ಕಿನಲ್ಲಿ ಕ್ವಿನೈನ್ ಹೆಚ್ಚಿದ್ದಿರಬಹುದು. ಇಂದಿನ ಬಾಟಲಿಯಲ್ಲಿ ಅದು ಕೇವಲ ರುಚಿಗಾಗಿ.

ಈ ಕಹಿಗಾಗಿ ನಡೆದ ಪೈಪೋಟಿಯೇನು ಸಣ್ಣದಲ್ಲ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ಸಿಂಕೋನಾ ಸಸಿಗಳನ್ನು ನೀಲಗಿರಿಗೆ ತಂದ. ದೊಡ್ಡಬೆಟ್ಟದ ಇಳಿಜಾರಿನಲ್ಲಿ ತೋಟಗಳು ಎದ್ದವು. ಉತ್ಕೃಷ್ಟ ತಳಿಯ ಬೀಜ ಮಾತ್ರ ಡಚ್ಚರ ಪಾಲಾಗಿ ಜಾವಾ ಸೇರಿತು. ಆ ಬೀಜಗಳನ್ನು ಕಾಡು ಸುತ್ತಿ ಆಯ್ದವನು ಬೊಲಿವಿಯದ ಮೂಲನಿವಾಸಿ ಮಾನ್ಯುಯೆಲ್ ಇಂಕ್ರ ಮಾಮಾನಿ. ಬೀಜ ಹೊರಸಾಗಿಸಿದ್ದಕ್ಕಾಗಿ ಅವನನ್ನು ಸೆರೆಗೆ ಹಾಕಿ ಹೊಡೆದರು. ಅದರಿಂದಲೇ ಅವನು ಸತ್ತ. ತಳಿಗೆ ಉಳಿದ ಹೆಸರು ಮಾತ್ರ ಅವನಿಂದ ಬೀಜ ಪಡೆದ ಇಂಗ್ಲಿಷ್ ವ್ಯಾಪಾರಿ ಲೆಜರನದು.

ಜಿನ್ನನ್ನು ಅತ್ತ ಸರಿಸಿ ಬರೀ ಟಾನಿಕ್ ನೀರಿನಿಂದ ಮನೆಯಲ್ಲೇ ಮಾಡಬಹುದಾದ ಪ್ರಯೋಗವೊಂದಿದೆ. ಗಾಜಿನ ಲೋಟದಲ್ಲಿ ಅದನ್ನು ತುಂಬಿ, ಹಿಂದೆ ಕಪ್ಪು ಬಟ್ಟೆ ಹಿಡಿದು ಬಿಸಿಲಿನಲ್ಲಿಡಿ. ಅಂಚಿನಲ್ಲಿ ತೆಳು ನೀಲಿ ಹೊಳಪು ಕಾಣುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿದ ಕ್ವಿನೈನ್, ಆ ಶಕ್ತಿಯನ್ನು ನೀಲಿ ಬೆಳಕಾಗಿ ಹೊರಸೂಸುತ್ತದೆ. ಇದನ್ನು ವಿವರಿಸಿದ ಜಾರ್ಜ್ ಸ್ಟೋಕ್ಸ್ 1852ರಲ್ಲಿ 'ಫ್ಲೋರೆಸೆನ್ಸ್' ಎಂಬ ಪದವನ್ನೇ ಸೃಷ್ಟಿಸಿದ. ಈಗ ಅದೇ ಲೋಟಕ್ಕೆ ಒಂದೆರಡು ಚಮಚ ಅಡುಗೆ ಉಪ್ಪು ಕರಗಿಸಿ ನೋಡಿ. ಹೊಳಪು ಮಂಕಾಗುತ್ತದೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಕ್ವಿನೈನ್ ಅಣುವಿಗೆ ಡಿಕ್ಕಿ ಹೊಡೆದು, ಅದು ಬೆಳಕು ಚೆಲ್ಲುವ ಮೊದಲೇ ಶಕ್ತಿಯನ್ನು ಕಳೆದುಬಿಡುತ್ತವೆ.