ಟಿ.ಸಿ. ಸುಟ್ಟಿದೆ ಎಂದು ತೀರ್ಪು ಕೊಟ್ಟವರು ಯಾರು?

ಪಂಪು ನಿಲ್ಲುತ್ತದೆ. ಬೆಳೆ ಬಾಡುತ್ತದೆ. ಪವರ್‌ಮ್ಯಾನ್ ಬಂದು ಮೀಟರು ಹಿಡಿದರೆ ಬರಬೇಕಾದ ಅಂಕೆ ಬರುವುದಿಲ್ಲ. ಕೂಡಲೇ ಒಂದು ಮಾತು ಹುಟ್ಟುತ್ತದೆ: "ಟಿ.ಸಿ. ಹೋಗಿದೆ." ಅಲ್ಲಿಂದ ಮುಂದಿನದು ನಮ್ಮ ಓದುಗರಿಗೆ ಬಾಯಿಪಾಠ. ಮನೆಗಿಷ್ಟು ಎಂದು ಪಟ್ಟಿ ಎತ್ತುವುದು, ಟ್ರ್ಯಾಕ್ಟರು ಗೊತ್ತುಮಾಡುವುದು, ರಿಪೇರಿ ಕೇಂದ್ರದ ಬಾಗಿಲು ಕಾಯುವುದು, ಕೊನೆಗೆ "ಲೆಕ್ಕವಿಲ್ಲದೆ ಪಂಪು ಹಾಕಿ ನೀವೇ ಸುಟ್ಟಿರಿ" ಎಂಬ ಬೈಗಳನ್ನೂ ತಲೆಯ ಮೇಲೆ ಹೊತ್ತು ಊರಿಗೆ ಬರುವುದು.

ಕೊಲೆ ಆಪಾದನೆ ಹೊತ್ತವನಿಗೂ ಸಾಕ್ಷಿ, ವಿಚಾರಣೆ ಉಂಟು. ಇಡೀ ಊರಿನ ನೀರನ್ನು ನಿಲ್ಲಿಸುವ ಈ ತೀರ್ಪಿಗೆ ಸಾಕ್ಷಿ ಎಲ್ಲಿ? ಮೀಟರು ಎಷ್ಟು ತೋರಿಸಿತು? ಯಾವ ಎರಡು ತಂತಿಗಳ ನಡುವೆ? ಬರೆದಿಟ್ಟವರು ಯಾರು? ಕೇಳಿದರೆ "ನಿಮಗೇನು ತಿಳಿಯುತ್ತದೆ ರೀ" ಎಂಬ ಉತ್ತರ. ತಿಳಿಯದೆ ಏನು? ಏಳನೆಯ ತರಗತಿಯ ಗುಣಾಕಾರ ಭಾಗಾಕಾರ ಬಂದವನಿಗೆ ತಿಳಿಯುವಷ್ಟೇ ವಿದ್ಯೆ ಇದರಲ್ಲಿದೆ. ಒಮ್ಮೆ ಬಿಡಿಸಿ ನೋಡೋಣ.

ನಮ್ಮ ಹೊಲದ ಬದಿಯ ಟಿ.ಸಿ.ಗೆ ಮೇಲಿನಿಂದ ೧೧,೦೦೦ ವೋಲ್ಟಿನ ಮೂರು ತಂತಿ ಬರುತ್ತವೆ. ಕೆಳಗೆ ಮೂರು ಫೇಸು, ಒಂದು ನ್ಯೂಟ್ರಲ್. ಹೊರೆ ಇಲ್ಲದಾಗ ಫೇಸು ಫೇಸುಗಳ ನಡುವೆ ೪೩೩, ಫೇಸು ನ್ಯೂಟ್ರಲ್ ನಡುವೆ ೨೫೦ ವೋಲ್ಟು ಇರಬೇಕು. ಒಳಗೆ ಮೇಲುಬದಿಯ ಮೂರು ಸುರುಳಿಗಳನ್ನು ತ್ರಿಕೋನದಂತೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಕಟ್ಟಿರುತ್ತಾರೆ. ಈ ತ್ರಿಕೋನವನ್ನು ಓದುಗರು ನೆನಪಿಟ್ಟರೆ ಮುಂದಿನ ಮಾತು ಸುಲಭ.

ಒಂದು ದಿನ ಮೀಟರು ಹೀಗೆ ತೋರಿಸುತ್ತದೆ: ಒಂದು ಫೇಸಿಗೆ ೨೫೦, ಉಳಿದೆರಡಕ್ಕೆ ೧೨೫, ೧೨೫. ಆ ಎರಡು ಅರ್ಧ ಫೇಸುಗಳ ನಡುವೆ ಅಳೆದರೆ ಸೊನ್ನೆ! ಎರಡರಲ್ಲೂ ಕರೆಂಟು ಇದೆ, ನಡುವೆ ಏನೂ ಇಲ್ಲ. ಇದೇನು ಭೂತಚೇಷ್ಟೆ ಎಂದು ಜನ ಬೆರಗಾಗುತ್ತಾರೆ, ತೀರ್ಪು ಹೊರಡುತ್ತದೆ. ಭೂತವೂ ಇಲ್ಲ, ಸುಟ್ಟದ್ದೂ ಇಲ್ಲ. ಮೇಲಿನ ಮೂರು ತಂತಿಗಳಲ್ಲಿ ಒಂದು ಕಡಿದಿದೆ, ಅಷ್ಟೆ. ಆಗ ತ್ರಿಕೋನದ ಒಂದು ಸುರುಳಿಗೆ ಪೂರ್ತಿ ೧೧,೦೦೦ ಸಿಗುತ್ತದೆ. ಉಳಿದೆರಡು ಸುರುಳಿ ಸಾಲಾಗಿ ನಿಂತು ಅದೇ ೧೧,೦೦೦ವನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಎರಡೂ ಒಂದೇ ದಿಕ್ಕಿನಲ್ಲಿ ಏರಿಳಿಯುವುದರಿಂದ ಅವುಗಳ ನಡುವೆ ಅಂತರವೇ ಇಲ್ಲ. ಪೂರ್ತಿ ಫೇಸಿಗೂ ಅರ್ಧ ಫೇಸಿಗೂ ನಡುವೆ ಅಳೆದರೆ ೩೭೫ ಬರಬೇಕು. ಬಂದರೆ ಲೆಕ್ಕ ಕೂಡಿತು. (ಹೊರೆ ಇದ್ದರೆ ಈ ಅರ್ಧರ್ಧ ಪಾಲು ಏರುಪೇರಾಗುತ್ತದೆ, ಅದಕ್ಕೇ ಕೆಳಗಿನ ಫ್ಯೂಸು ತೆಗೆದು ಅಳೆಯಬೇಕು.) ಹೋಗಿರುವುದು ಕಂಬದ ಮೇಲಿನ ಎಚ್.ಜಿ. ಫ್ಯೂಸಿನ ಒಂದು ಎಳೆ, ಇಲ್ಲವೆ ಎಲ್ಲೋ ಒಂದು ಜಂಪರು. ಪಕ್ಕದ ಊರಿನ ಟಿ.ಸಿ.ಯಲ್ಲೂ ಇದೇ ಅಂಕೆ ಇದ್ದರೆ ದೋಷ ಇನ್ನೂ ಮೇಲೆ, ಲೈನಿನಲ್ಲಿದೆ. ಸ್ಟೇಷನ್ನಿನಲ್ಲೇ ಒಂದು ತಂತಿ ಬಿಡಿಸಿ ಸಿಂಗಲ್ ಫೇಸು ಕೊಡುವ ಹೊತ್ತಾಗಿದ್ದರೆ ದೋಷವೇ ಇಲ್ಲ! ಒಂದು ತುಂಡು ಫ್ಯೂಸು ತಂತಿಗೆ ಮುಗಿಯುವ ಕೆಲಸಕ್ಕೆ ಊರವರಿಂದ ಟ್ರ್ಯಾಕ್ಟರಿನ ಬಾಡಿಗೆ ವಸೂಲು ಮಾಡುವುದು ಯಾವ ನ್ಯಾಯ?

ಇನ್ನೊಂದು ದಿನ ಒಂದು ಮನೆಯ ಬಲ್ಬು ಕಣ್ಣು ಕುಕ್ಕುವಂತೆ ಉರಿದು ಒಡೆಯುತ್ತದೆ, ಎದುರು ಮನೆಯದು ಹಣತೆಯಂತೆ ಮಿಣುಕುತ್ತದೆ. ಫೇಸು ಫೇಸುಗಳ ನಡುವೆ ಅಳೆದರೆ ಮೂರೂ ಸರಿಯಾಗಿವೆ. ಹಾಗಿದ್ದರೆ ಕಡಿದಿರುವುದು ನ್ಯೂಟ್ರಲ್. ಟಿ.ಸಿ.ಯ ತಪ್ಪು ಎಳ್ಳಷ್ಟೂ ಇಲ್ಲ.

ಮೂರನೆಯದು ಡಿಜಿಟಲ್ ಮೀಟರಿನ ಚಮತ್ಕಾರ. ಫ್ಯೂಸು ಹೋಗಿ ಸತ್ತ ತಂತಿ ಜೀವಂತ ತಂತಿಯ ಪಕ್ಕದಲ್ಲಿ ಓಡಿದ್ದರೆ ಆ ಮೀಟರು ಅದರಲ್ಲೂ ಹತ್ತಾರು ವೋಲ್ಟು ತೋರಿಸುತ್ತದೆ. ಎರಡು ಬಲ್ಬುಗಳನ್ನು ಸಾಲಾಗಿ ಕಟ್ಟಿದ ಟೆಸ್ಟ್ ಲ್ಯಾಂಪು ಹಿಡಿದರೆ ಆ ವೋಲ್ಟು ಮಾಯ. ಒಂದೇ ಬಲ್ಬನ್ನು ಫೇಸು ಫೇಸಿಗೆ ಹಿಡಿದೀರಿ ಜೋಕೆ, ಒಡೆಯುತ್ತದೆ. ಸ್ಟಾರ್ಟರಿನಲ್ಲಿ ಬೇರೊಂದು ಮೋಸವುಂಟು: ಒಂದು ಫೇಸು ಹೋದರೂ ಓಡುತ್ತಿರುವ ಮೋಟಾರು ಆ ಫೇಸಿಗೆ ತಾನೇ ವೋಲ್ಟನ್ನು ಹಿಂದಿರುಗಿಸಿ "ಮೂರೂ ಇವೆ" ಎಂದು ನಂಬಿಸುತ್ತದೆ, ಅಷ್ಟರಲ್ಲಿ ಮೋಟಾರಿನ ಸುರುಳಿ ಸುಟ್ಟಿರುತ್ತದೆ.

ಇನ್ನು ಮೆಗ್ಗರಿನ ಮಾತು. "ಮೆಗ್ಗರ್ ಹಾಕಿದೆವು, ಸೊನ್ನೆ ಬಂತು" ಎಂದರೆ ಹಳ್ಳಿಯವರ ಬಾಯಿ ಕಟ್ಟಿತು. ಕೇಳಬೇಕಾದ ಪ್ರಶ್ನೆ ಒಂದಿದೆ: ನ್ಯೂಟ್ರಲ್ಲಿನ ಅರ್ತಿಂಗ್ ಬಿಡಿಸಿದ್ದಿರಾ? ಕೆಳಬದಿಯ ನ್ಯೂಟ್ರಲ್ ನೆಲಕ್ಕೆ ಕಟ್ಟಿಯೇ ಇರುತ್ತದೆ. ಅದನ್ನು ಬಿಡಿಸದೆ ಕೆಳಬದಿಗೂ ತೊಟ್ಟಿಗೂ ಮೆಗ್ಗರ್ ಹಾಕಿದರೆ ಕಾರ್ಖಾನೆಯಿಂದ ಇಂದೇ ಬಂದ ಹೊಸ ಟಿ.ಸಿ.ಯೂ ಸೊನ್ನೆ ತೋರಿಸುತ್ತದೆ. ಬುಶಿಂಗಿನ ಮೇಲೆ ಧೂಳು, ತೇವ ಇದ್ದರೂ ಅಂಕೆ ಬೀಳುತ್ತದೆ. ಒರೆಸಿ ಮತ್ತೆ ನೋಡಬೇಕು. ಎಣ್ಣೆ ಬಿಸಿಯಾಗಿದ್ದರಂತೂ ಪ್ರತಿ ೧೦ ಡಿಗ್ರಿಗೆ ಅಂಕೆ ಸುಮಾರು ಅರ್ಧಕ್ಕಿಳಿಯುತ್ತದೆ. ಬೆಳಗಿನ ತಂಪಿನ ಅಂಕೆಗೂ ಮಧ್ಯಾಹ್ನದ ಅಂಕೆಗೂ ಹೋಲಿಕೆ ಸಲ್ಲದು.

ಹಾಗೆಂದು ಮೆಗ್ಗರ್ ಒಳ್ಳೆಯದು ತೋರಿಸಿತೆಂದರೆ ಟಿ.ಸಿ. ಒಳ್ಳೆಯದೆಂದೂ ಅಲ್ಲ. ಒಂದೇ ಸುರುಳಿಯ ಸುತ್ತುಗಳು ತಮ್ಮತಮ್ಮೊಳಗೆ ಅಂಟಿಕೊಂಡಿದ್ದರೆ ಮೆಗ್ಗರಿಗೆ ಅದು ಕಾಣದು. ಅದಕ್ಕೆ ಅನುಪಾತದ ಪರೀಕ್ಷೆ ಬೇಕು. ಲೈನಿನಿಂದ ಬಿಡಿಸಿದ ಟಿ.ಸಿ.ಯ ಮೇಲುಬದಿಗೆ ೪೦೦ ವೋಲ್ಟು ಕೊಟ್ಟರೆ ಕೆಳಗೆ ಫೇಸು ಫೇಸುಗಳ ನಡುವೆ ೧೫.೭, ಫೇಸು ನ್ಯೂಟ್ರಲ್ ನಡುವೆ ೯.೧ ಬರಬೇಕು, ಮೂರೂ ಕಡೆ ಒಂದೇ ಸಮ. ಒಂದು ಕಡೆ ಅಂಕೆ ಬೇರೆಯಾದರೆ, ಆ ಬದಿ ಕರೆಂಟನ್ನೂ ಹೆಚ್ಚು ಎಳೆದರೆ, ಆಗ ಹೇಳಿ ಸುಟ್ಟಿದೆ ಎಂದು, ಒಪ್ಪುತ್ತೇವೆ. ಇದು ಇಲಾಖೆಯವರ ಕೆಲಸ. ರೈತ ಬಂಧುಗಳು ಇದಕ್ಕೆ ಕೈಹಾಕಬಾರದು. ಬದಿ ತಪ್ಪಿ ಆ ೪೦೦ನ್ನು ಕೆಳಗೆ ಕೊಟ್ಟರೆ ಮೇಲೆ ಹತ್ತು ಸಾವಿರ ವೋಲ್ಟು ಏಳುತ್ತದೆ. ಅರ್ಧ ಫೇಸೆಂದು ೧೨೫ನ್ನು ಹಗುರ ಮಾಡಲೂ ಬೇಡಿ, ಅದೂ ಕೊಲ್ಲುತ್ತದೆ.

ರೈತರು ಹೊರೆ ಹೆಚ್ಚಿಸಿ ಸುಡುತ್ತಾರೆಂಬುದು ಪೂರ್ತಿ ಸುಳ್ಳಲ್ಲ. ೨೫ ಕೆ.ವಿ.ಎ. ಟಿ.ಸಿ. ಒಂದು ಫೇಸಿಗೆ ೩೩ ಆಂಪಿಯರು ಹೊರುತ್ತದೆ, ೫ ಎಚ್.ಪಿ. ಪಂಪು ಏಳು ಎಳೆಯುತ್ತದೆ. ನಾಲ್ಕು ಪಂಪು ಸರಿ, ಐದು ಹೆಚ್ಚು. ಆದರೆ ಇದನ್ನೂ ಅಳೆದು ಹೇಳಲಿ, ಬಾಯಿಗೆ ಬಂದಂತೆ ಹೇಳುವುದು ಬೇಡ. ನಮ್ಮ ಸಂಗಾತಿಗಳಿಗೂ ಒಂದು ಮಾತಿದೆ. ಅಂಕೆ ಕೇಳದೆ "ಟಿ.ಸಿ. ಬದಲಿಸಿ" ಎಂದು ಕಚೇರಿಯ ಮುಂದೆ ಕೂಗುವವರು ಅಧಿಕಾರಿಯ ತಪ್ಪು ತೀರ್ಪಿಗೆ ತಾವೇ ಸಹಿ ಹಾಕುತ್ತಿದ್ದಾರೆ.

ಪವರ್‌ಮ್ಯಾನ್ ನಮ್ಮ ಶತ್ರುವಲ್ಲ. ಹತ್ತಾರು ಟಿ.ಸಿ.ಗಳನ್ನು ಒಬ್ಬನ ಹೆಗಲಿಗೆ ಹಾಕಿ, ಒಳ್ಳೆಯ ಮೀಟರನ್ನೂ ಕೈಗವಸನ್ನೂ ಕೊಡದೆ ಕಂಬ ಹತ್ತಿಸುವ ವ್ಯವಸ್ಥೆಯೇ ಅವನಿಂದ ಆತುರದ ತೀರ್ಪು ಹೇಳಿಸುತ್ತದೆ. ೧೯೦೨ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೇ ದೀಪ ಬರಲು ೧೯೦೫ ಆಯಿತು. ಹಳ್ಳಿ ಕೊನೆಯಲ್ಲಿ ನಿಲ್ಲುವ ಪದ್ಧತಿ ಅಂದಿನಿಂದ ಬಂದದ್ದು.

ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ೨೦೦೪ರ ಸೇವಾ ನಿಯಮಗಳ ಪ್ರಕಾರ ಹಳ್ಳಿಯಲ್ಲಿ ಕೆಟ್ಟ ಟಿ.ಸಿ.ಯನ್ನು ೭೨ ಗಂಟೆಯೊಳಗೆ ಬದಲಿಸಬೇಕು. ಟಿ.ಸಿ. ಕಂಪೆನಿಯ ಸ್ವತ್ತು, ಅದರ ಸಾಗಾಟವೂ ಕಂಪೆನಿಯದೇ ಆಗಬೇಕು. ಮುಂದಿನ ಗ್ರಾಹಕರ ಸಂವಾದ ಸಭೆಗೆ ಹೋಗುವವರು ಬರವಣಿಗೆಯಲ್ಲಿ ಕೇಳಲಿ: ಪ್ರತಿ ಟಿ.ಸಿ.ಗೂ ಒಂದು ಪುಸ್ತಕ. ಕೆಟ್ಟಿತೆಂದು ಇಳಿಸುವ ಮುನ್ನ ಫೇಸು ನ್ಯೂಟ್ರಲ್ ನಡುವಿನ ಮೂರು ಅಂಕೆ, ಫೇಸು ಫೇಸುಗಳ ನಡುವಿನ ಮೂರು ಅಂಕೆ, ಅರ್ತಿಂಗ್ ಬಿಡಿಸಿ ತೆಗೆದ ಮೆಗ್ಗರ್ ಅಂಕೆ, ಅಳೆದ ಹೊತ್ತು, ಅಳೆದವರ ಸಹಿ. ನಕಲು ಊರಿನ ಇಬ್ಬರ ಕೈಗೆ. ಕೊಡಲಾಗದು ಎನ್ನುವ ಅಧಿಕಾರಿ ಆ ಮಾತನ್ನೂ ಬರೆದೇ ಕೊಡಲಿ.